ತಲೆಸುತ್ತು ನಿಂತ ಮೇಲೂ ನಿಲ್ಲದ ಓಲಾಟ

ಈ ಸಂಚಿಕೆಗಾಗಿ ಒಳಕಿವಿಯ ತೊಂದರೆಯ ಬಗ್ಗೆ ಬಂದ ಮೂರು ಪತ್ರಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೊದಲನೆಯ ಪತ್ರ ಉದ್ದವಾಗಿದ್ದರೂ ಅದನ್ನು ಮೊಟಕುಗೊಳಿಸಲು ಮನಸ್ಸು ಬರಲಿಲ್ಲ. ಈ ಕಾಯಿಲೆಯವರು ವೈದ್ಯರೆದುರು ಕುಳಿತಾಗ ಹೇಳಲು ತಡಕಾಡುವ ಸಂಗತಿಗಳನ್ನು ಅವರು ಸ್ಪಷ್ಟವಾಗಿ ಬರೆದಿದ್ದಾರೆ.

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರ. ನಾನು ಬ್ರಹ್ಮಾವರದ ಸಮೀಪದ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ವಯಸ್ಸು 46. ಫೆಬ್ರುವರಿಯಲ್ಲಿ ನಾಲ್ಕು ದಿನ ಶೀತ, ಜ್ವರ ಬಂದು ಬಿಟ್ಟಿತ್ತು. ಅದಾಗಿ ಒಂದು ವಾರದ ಮೇಲೆ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಇಡೀ ಕೋಣೆ ಗಿರ್ರನೆ ತಿರುಗತೊಡಗಿತು. ಕಣ್ಣು ಮುಚ್ಚಿದರೂ ತಿರುಗುವುದು ನಿಲ್ಲಲಿಲ್ಲ, ವಾಂತಿಯೂ ನಿಲ್ಲಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿದ್ದೆ. ಸಮತೋಲನದ ನರಕ್ಕೆ ಉರಿಯೂತವಾಗಿದೆ, ವೆಸ್ಟಿಬ್ಯುಲರ್ ನ್ಯೂರೈಟಿಸ್ ಎಂದರು. ಎಂಆರ್‌ಐಯಲ್ಲಿ ಏನೂ ಇಲ್ಲ, ಕಿವಿ ಕೇಳುವುದಕ್ಕೂ ತೊಂದರೆಯಿಲ್ಲ.

ತಿರುಗುವುದು ಐದಾರು ದಿನಗಳಲ್ಲಿ ನಿಂತಿತು. ಆದರೆ ಈಗ ಐದು ತಿಂಗಳಾದರೂ ನಾನು ಮೊದಲಿನವಳಾಗಿಲ್ಲ. ಬೋರ್ಡಿನ ಮೇಲೆ ಬರೆದು ಮಕ್ಕಳ ಕಡೆ ತಿರುಗಿದೊಡನೆ, ಇಡೀ ತರಗತಿ ಒಂದು ಕ್ಷಣ ತಡವಾಗಿ ನನ್ನ ಹಿಂದೆ ಬಂದ ಹಾಗೆ ಆಗುತ್ತದೆ. ಮೇಜು ಹಿಡಿದುಕೊಂಡು ನಿಲ್ಲುತ್ತೇನೆ. ಉಡುಪಿಯ ಸೂಪರ್ ಮಾರ್ಕೆಟಿನಲ್ಲಿ ಎರಡೂ ಕಡೆ ಸಾಮಾನು ಜೋಡಿಸಿದ ಸಾಲುಗಳ ನಡುವೆ ಹತ್ತು ಹೆಜ್ಜೆ ಇಡಲು ಆಗುವುದಿಲ್ಲ. ಮೇ ಕೊನೆಗೆ ಬಹಳ ಸುಧಾರಿಸಿದ್ದೆ. ಆಗ ನಾದಿನಿಯ ಮನೆಯ ಗೃಹಪ್ರವೇಶಕ್ಕೆ ಹೋಗಿ ಎರಡು ರಾತ್ರಿ ನಿದ್ದೆಗೆಟ್ಟೆ, ಅಲ್ಲಿಂದ ಬಂದ ಮೇಲೆ ಮತ್ತೆ ಹಿಂದಿನ ಸ್ಥಿತಿಗೇ ಹೋದೆ. ತಲೆಸುತ್ತಿನ ಮಾತ್ರೆಯನ್ನು ಇಂದಿಗೂ ದಿನಕ್ಕೆ ಮೂರು ಹೊತ್ತು ನುಂಗುತ್ತಿದ್ದೇನೆ. ಇದು ಪಿತ್ತ, ಶುಂಠಿ ಕಷಾಯ ಕುಡಿ ಎನ್ನುತ್ತಾರೆ ಅತ್ತೆ. ಶಾಲೆಯಲ್ಲಿ ಬಾಯಿಬಿಟ್ಟು ಹೇಳದಿದ್ದರೂ, ನೋಡಲು ಚೆನ್ನಾಗಿಯೇ ಇದ್ದೀರಲ್ಲ ಎಂಬ ಭಾವ ಎಲ್ಲರ ಮುಖದಲ್ಲಿ ಕಾಣುತ್ತದೆ. ಇದು ಗುಣವಾಗುವ ಕಾಯಿಲೆಯೇ, ಅಥವಾ ಹೀಗೇ ಬದುಕಲು ಅಭ್ಯಾಸ ಮಾಡಿಕೊಳ್ಳಬೇಕೇ?

ಉತ್ತರ: ಟೀಚರೇ, ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ನಿಮ್ಮ ನಿದ್ದೆ ಕೆಡಿಸುತ್ತಿದೆ ಎಂಬುದು ಪತ್ರದಲ್ಲಿ ಕಾಣುತ್ತದೆ. ನೀವು ಬರೆದಿರುವ ಲಕ್ಷಣಗಳು ಐದು ತಿಂಗಳ ನಂತರವೂ ಚೆನ್ನಾಗಿ ಸುಧಾರಿಸಬಲ್ಲವು. ಆದರೆ ಗುಣವಾಗುವ ದಾರಿ ನೀವು ಎಣಿಸಿದಂಥದ್ದಲ್ಲ, ಮತ್ತು ನೀವು ಈಗ ಮಾಡುತ್ತಿರುವ ಒಂದೆರಡು ಕೆಲಸಗಳು ಆ ದಾರಿಗೆ ಅಡ್ಡ ಬರುತ್ತಿವೆ.

ಪ್ರತಿಯೊಂದು ಒಳಕಿವಿಯಲ್ಲೂ ದ್ರವ ತುಂಬಿದ ಮೂರು ಅರ್ಧವೃತ್ತ ನಾಳಗಳಿವೆ, ಅವುಗಳ ಬುಡದಲ್ಲಿ ಎರಡು ಸಣ್ಣ ಚೀಲಗಳಿವೆ. ತಲೆ ಯಾವ ದಿಕ್ಕಿಗೆ ತಿರುಗಿತು, ಎಷ್ಟು ಬಾಗಿತು ಎಂಬ ಸುದ್ದಿಯನ್ನು ಅವು ಎಂಟನೆಯ ಕಪಾಲ ನರದ ಮೂಲಕ ಮೆದುಳಿಗೆ ತಲುಪಿಸುತ್ತವೆ. ನಾವು ಸುಮ್ಮನೆ ಕುಳಿತಿದ್ದಾಗಲೂ ಎರಡು ಕಿವಿಗಳಿಂದ ಸಮನಾದ ಸುದ್ದಿ ಹೋಗುತ್ತಲೇ ಇರುತ್ತದೆ. ಒಂದು ಕಡೆಯ ನರ ಉರಿಯೂತದಿಂದ ದಿಢೀರನೆ ಮೌನವಾದರೆ, ಇನ್ನೊಂದು ಕಡೆಯ ಮಾತು ಮಾತ್ರ ಕೇಳುವ ಮೆದುಳು, ತಲೆ ಆ ಕಡೆಗೆ ತಿರುಗುತ್ತಲೇ ಇದೆ ಎಂದು ತಿಳಿಯುತ್ತದೆ. ಫೆಬ್ರುವರಿಯ ಆ ಬೆಳಿಗ್ಗೆ ನಿಮ್ಮ ಕೋಣೆ ತಿರುಗಿದ್ದು ಹೀಗೆ.

ಮೊದಲ ಕೆಲವು ದಿನಗಳಲ್ಲಿ ಮೆದುಳು ಎರಡೂ ಕಡೆಯ ಲೆಕ್ಕವನ್ನು ಹೇಗೋ ಸರಿದೂಗಿಸಿಕೊಂಡು ಕುಳಿತಾಗಿನ ತಿರುಗಾಟವನ್ನು ನಿಲ್ಲಿಸುತ್ತದೆ. ಆದರೆ ತಲೆಯನ್ನು ವೇಗವಾಗಿ ತಿರುಗಿಸಿದಾಗಿನ ಲೆಕ್ಕ ಬೇರೆ. ತಲೆ ಬಲಕ್ಕೆ ಹೊರಳಿದರೆ ಕಣ್ಣುಗುಡ್ಡೆ ಅಷ್ಟೇ ವೇಗದಲ್ಲಿ ಎಡಕ್ಕೆ ಸರಿಯಬೇಕು, ಆಗ ಮಾತ್ರ ನೋಡುವ ವಸ್ತು ನಿಂತಲ್ಲೇ ಕಾಣುತ್ತದೆ. ಆರೋಗ್ಯವಂತರಲ್ಲಿ ಈ ಕೆಲಸ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ ಆರಂಭವಾಗುತ್ತದೆ. ನಿಮ್ಮಲ್ಲಿ ಒಂದು ಕಡೆ ಅದು ಹಿಂದೆ ಬಿದ್ದಿದೆ. ತರಗತಿ ಒಂದು ಕ್ಷಣ ತಡವಾಗಿ ಹಿಂದೆ ಬಂದ ಹಾಗಾಗುತ್ತದೆ ಎಂದು ನೀವು ಬರೆದ ವಾಕ್ಯಕ್ಕಿಂತ ಚೆನ್ನಾಗಿ ಇದನ್ನು ವಿವರಿಸಲು ನನಗೆ ಬಾರದು.

ಹಾನಿಗೊಂಡ ನರ ಕೆಲವರಲ್ಲಿ ಪೂರ್ತಿ ಚೇತರಿಸಿಕೊಳ್ಳುತ್ತದೆ, ಕೆಲವರಲ್ಲಿ ಭಾಗಶಃ, ಇನ್ನು ಕೆಲವರಲ್ಲಿ ಚೇತರಿಸಿಕೊಳ್ಳುವುದೇ ಇಲ್ಲ. ಹಾಗಿದ್ದರೂ ಅವರಲ್ಲಿ ಅನೇಕರು ಸಹಜವಾಗಿ ಓಡಾಡಿಕೊಂಡು ಇರುತ್ತಾರೆ. ಕಾರಣ, ಕಿರುಮೆದುಳು ಮತ್ತು ಮೆದುಳಿನ ಕಾಂಡ ಉಳಿದ ಸುದ್ದಿಯನ್ನೇ ಬಳಸಿ ಹೊಸದಾಗಿ ಲೆಕ್ಕ ಹಾಕಲು ಕಲಿಯುತ್ತವೆ. ಯಕ್ಷಗಾನದ ವೇಷಧಾರಿಗಳನ್ನು ನೋಡಿ. ಧೀಂಗಿಣ ಹೊಡೆದು ಹತ್ತಾರು ಸುತ್ತು ತಿರುಗಿದವರು ಮರುಕ್ಷಣವೇ ನೆಟ್ಟಗೆ ನಿಂತು ಅರ್ಥ ಹೇಳುತ್ತಾರೆ. ನಾವು ಅದರ ಅರ್ಧ ತಿರುಗಿದರೂ ಅಂಗಳದಲ್ಲಿ ಬೀಳುತ್ತೇವೆ. ಅವರಿಗಿರುವ ಒಳಕಿವಿ ನಮ್ಮದರಂತೆಯೇ. ವರ್ಷಗಟ್ಟಲೆ ತಿರುಗಿ ತಿರುಗಿ, ಆ ಸುದ್ದಿಯನ್ನು ಹೇಗೆ ನಿಭಾಯಿಸಬೇಕೆಂದು ಅವರ ಮೆದುಳು ಕಲಿತಿದೆ. ನಿಮ್ಮ ಮೆದುಳಿಗೆ ಬೇಕಾದುದೂ ಇಂಥದೇ ಕಲಿಕೆ. ತಪ್ಪು ಕಾಣದೆ ತಿದ್ದಲು ಬರುವುದಿಲ್ಲವೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತಲೆ ಆಡಿಸಿದಾಗ ಆಗುವ ಸ್ವಲ್ಪ ಓಲಾಟವೇ ಮೆದುಳಿಗೆ ಕಾಣುವ ತಪ್ಪು. ಅದೇ ಆಗದಂತೆ ನೋಡಿಕೊಂಡರೆ ಕಲಿಕೆ ನಿಂತುಹೋಗುತ್ತದೆ.

ಈ ಕಾರಣದಿಂದಲೇ ಮಾತ್ರೆಯ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಗಿದೆ. ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್ ಮೊದಲಾದ ತಲೆಸುತ್ತಿನ ಮದ್ದುಗಳು ಸಮತೋಲನದ ಸುದ್ದಿಯನ್ನು ಮಂಕು ಮಾಡುತ್ತವೆ. ವಾಂತಿಯಿಂದ ಬಳಲುವ ಮೊದಲ ಎರಡು ಮೂರು ದಿನ ಅವು ದೊಡ್ಡ ಉಪಕಾರ ಮಾಡುತ್ತವೆ, ನಂತರವೂ ಮುಂದುವರಿಸಿದರೆ ಮೆದುಳಿನ ಹೊಂದಾಣಿಕೆಯನ್ನೇ ನಿಧಾನಗೊಳಿಸುತ್ತವೆ. ಬಹುಕಾಲ ನುಂಗಿದರೆ, ಅದರಲ್ಲೂ ವಯಸ್ಸಾದವರಲ್ಲಿ, ಕೈ ನಡುಕ ಮತ್ತು ಪಾರ್ಕಿನ್‌ಸನ್ ಕಾಯಿಲೆಯಂಥ ಬಿಗಿತ ಕಾಣಿಸಿಕೊಳ್ಳುವುದುಂಟು. ನಮ್ಮ ಕಡೆ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತಿಂಗಳುಗಟ್ಟಲೆ ಈ ಮಾತ್ರೆ ತರುವವರು ಬಹಳ ಮಂದಿ ಇದ್ದಾರೆ, ನನಗೆ ಇದು ನಿಜಕ್ಕೂ ಸಂಕಟದ ವಿಷಯ. ನೀವು ನುಂಗುತ್ತಿರುವುದು ಯಾವುದೆಂದು ಬರೆದಿಲ್ಲ. ಬೀಟಾಹಿಸ್ಟಿನ್ ಆಗಿದ್ದರೆ ಅದು ಈ ಗುಂಪಿಗೆ ಸೇರಿದ್ದಲ್ಲ, ಆದರೆ ಅದನ್ನೂ ಐದು ತಿಂಗಳು ಏಕೆ ಎಂದು ಕೇಳಬೇಕಾಗುತ್ತದೆ. ಚೀಟಿ ಹಿಡಿದುಕೊಂಡು ನಿಮ್ಮ ಇಎನ್‌ಟಿ ಡಾಕ್ಟರರ ಬಳಿ ಹೋಗಿ, ಯಾವುದನ್ನು ಹೇಗೆ ಇಳಿಸುತ್ತಾ ಬರಬೇಕೆಂದು ಕೇಳಿಕೊಳ್ಳಿ. ನೀವಾಗಿಯೇ ಒಂದೇ ದಿನ ಎಲ್ಲವನ್ನೂ ಬಿಡಬೇಡಿ. ಅತ್ತೆಯವರ ಶುಂಠಿ ಕಷಾಯದಿಂದ ಓಕರಿಕೆ ಕಡಿಮೆಯಾಗುವುದಾದರೆ ಧಾರಾಳವಾಗಿ ಕುಡಿಯಿರಿ, ಅದು ಈ ಕಲಿಕೆಗೆ ಅಡ್ಡಿ ಮಾಡುವುದಿಲ್ಲ.

ವ್ಯಾಯಾಮದಿಂದ ಇದನ್ನು ಸರಿಪಡಿಸುವ ಕ್ರಮ ಹೊಸದೇನಲ್ಲ. 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಿವಿಯ ಶಸ್ತ್ರವೈದ್ಯ ಟೆರೆನ್ಸ್ ಕಾಥಾರ್ನ್ ಮತ್ತು ವೈದ್ಯ ಎಫ್. ಎಸ್. ಕುಕ್ಸಿ, ತಲೆಗೆ ಪೆಟ್ಟಾದ ಸೈನಿಕರಲ್ಲಿ ಬೇಗ ಎದ್ದು ಓಡಾಡಿದವರು ಬೇಗ ಚೇತರಿಸಿಕೊಳ್ಳುವುದನ್ನು ಗಮನಿಸಿ, ಕಣ್ಣು, ತಲೆ, ಮೈ ಆಡಿಸುವ ಕ್ರಮಬದ್ಧ ಅಭ್ಯಾಸಗಳನ್ನು ರೂಪಿಸಿದರು. ಇಂದಿನ ವೆಸ್ಟಿಬ್ಯುಲರ್ ಪುನಶ್ಚೇತನ ಚಿಕಿತ್ಸೆ ಅದರಿಂದಲೇ ಬೆಳೆದು ಬಂದದ್ದು. ಮಣಿಪಾಲ ಮತ್ತು ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಇಎನ್‌ಟಿ ಮತ್ತು ಫಿಸಿಯೊಥೆರಪಿ ವಿಭಾಗಗಳು ಎರಡೂ ಇರುವುದರಿಂದ, ಸಮತೋಲನದ ವ್ಯಾಯಾಮ ಕಲಿಸಿಕೊಡಿ ಎಂದು ನೇರವಾಗಿ ಕೇಳಿ. ಪ್ರತಿಯೊಬ್ಬರ ಓಲಾಟವೂ ಬೇರೆಯಾದ್ದರಿಂದ ಒಮ್ಮೆ ಎದುರಿನಲ್ಲಿ ಪರೀಕ್ಷಿಸಿಕೊಂಡು ಆರಂಭಿಸುವುದು ಒಳ್ಳೆಯದು.

ಅಷ್ಟರವರೆಗೆ ಒಂದು ಅಭ್ಯಾಸವನ್ನು ನೀವು ಮನೆಯಲ್ಲಿ ಶುರುಮಾಡಬಹುದು. ರಟ್ಟಿನ ಮೇಲೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಾಗಿ ‘ಅ’ ಎಂದು ಬರೆದು, ಏನೂ ಚಿತ್ರವಿಲ್ಲದ ಗೋಡೆಗೆ ಕಣ್ಣಿನ ಮಟ್ಟದಲ್ಲಿ ಅಂಟಿಸಿ. ಒಂದು ತೋಳಿನಷ್ಟು ದೂರದಲ್ಲಿ ಕುರ್ಚಿ ಹಾಕಿ ಕುಳಿತುಕೊಂಡು, ಅಕ್ಷರದಿಂದ ಕಣ್ಣು ಕೀಳದೆ, ಬೇಡ ಎನ್ನುವಾಗ ಆಡಿಸುವಂತೆ ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಿ. ಹೆಚ್ಚು ಬೇಡ, ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಸಾಕು. ವೇಗವನ್ನು ಹೆಚ್ಚಿಸುತ್ತಾ ಹೋದಂತೆ ಒಂದು ಹಂತದಲ್ಲಿ ‘ಅ’ದ ಅಂಚು ಕದಡಿ ಎರಡಾದಂತೆ ಕಾಣತೊಡಗುತ್ತದೆ. ಅದಕ್ಕಿಂತ ತುಸು ಕಡಿಮೆ ವೇಗವೇ ನಿಮ್ಮ ಇಂದಿನ ವೇಗ. ಮೊದಲು ಅರ್ಧ ನಿಮಿಷ, ನಂತರ ಒಂದು ನಿಮಿಷ, ದಿನಕ್ಕೆ ಮೂರರಿಂದ ಐದು ಸಲ ಮಾಡಿ. ಹೌದು ಎನ್ನುವಂತೆ ತಲೆಯನ್ನು ಮೇಲೆ ಕೆಳಗೆ ಆಡಿಸುವುದನ್ನೂ ಸೇರಿಸಿಕೊಳ್ಳಿ. ಕುಳಿತು ಸಲೀಸಾದ ಮೇಲೆ ನಿಂತು ಮಾಡಿ. ಅದೂ ಸಲೀಸಾದ ಮೇಲೆ ಆ ರಟ್ಟಿನ ಹಿಂದೆ ಚೌಕುಳಿ ಬೈರಾಸು ಒಂದನ್ನು ಇಳಿಬಿಡಿ. ಚೌಕುಳಿಗಳ ನಡುವೆ ಅಕ್ಷರವನ್ನು ಹಿಡಿದಿಟ್ಟುಕೊಳ್ಳಲು ಕಲಿತ ಕಣ್ಣು ಸೂಪರ್ ಮಾರ್ಕೆಟಿನ ಸಾಲುಗಳಿಗೂ ಅಷ್ಟು ಬೆದರುವುದಿಲ್ಲ. ನಿಮಗೆ ಅಲ್ಲಿ ಕಷ್ಟವಾಗುವುದಕ್ಕೆ ಕಾರಣ, ಕಿವಿಯ ಸುದ್ದಿಯನ್ನು ನಂಬದ ಮೆದುಳು ಕಣ್ಣನ್ನೇ ವಿಪರೀತ ನೆಚ್ಚಿಕೊಂಡಿರುವುದು. ಎರಡೂ ಬದಿಯಲ್ಲಿ ನೂರಾರು ಪೊಟ್ಟಣಗಳು ಒಟ್ಟಿಗೆ ಸರಿಯುವಾಗ, ತಾನು ಚಲಿಸಿದ್ದೋ ಪೊಟ್ಟಣಗಳು ಚಲಿಸಿದ್ದೋ ಎಂದು ಅದಕ್ಕೆ ತಿಳಿಯದಾಗುತ್ತದೆ. ಮೊಬೈಲಿನಲ್ಲಿ ಬೆರಳಿನಿಂದ ಚಿತ್ರಗಳನ್ನು ಸರಿಸುತ್ತಾ ಹೋಗುವಾಗ ಆಗುವ ಓಕರಿಕೆಗೂ ಇದೇ ಮೂಲ.

ಅಭ್ಯಾಸ ಮಾಡಿದಾಗ ಸ್ವಲ್ಪ ಓಲಾಟ ಬರಲೇಬೇಕು, ಆದರೆ ಅದು ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಇಳಿಯಬೇಕು. ಮಧ್ಯಾಹ್ನದವರೆಗೂ ಉಳಿದರೆ ಮರುದಿನ ವೇಗವನ್ನೋ ಹೊತ್ತನ್ನೋ ಅರ್ಧಕ್ಕೆ ಇಳಿಸಿ, ಬಿಡಬೇಡಿ. ಇದರೊಂದಿಗೆ ಪ್ರತಿದಿನ ನಡೆಯಿರಿ. ಮಳೆ ಹನಿಯುತ್ತಿದ್ದರೆ ಮನೆಯ ಚಾವಡಿಯಲ್ಲೇ ಆ ಗೋಡೆಯಿಂದ ಈ ಗೋಡೆಗೆ, ಮೂರು ಹೆಜ್ಜೆಗೊಮ್ಮೆ ಬಲಕ್ಕೆ, ಮತ್ತೆ ಮೂರು ಹೆಜ್ಜೆಗೆ ಎಡಕ್ಕೆ ನೋಡುತ್ತಾ ನಡೆಯಬಹುದು. ತಲೆಸುತ್ತಿಗೆ ಹೆದರಿದವರು ಕುತ್ತಿಗೆಯನ್ನು ಮರದ ಹಾಗೆ ಬಿಗಿಹಿಡಿದು, ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸುತ್ತಾರೆ. ಇದರಿಂದ ಕುತ್ತಿಗೆ ನೋವು ಹೆಚ್ಚುವರಿಯಾಗಿ ಅಂಟಿಕೊಳ್ಳುತ್ತದೆ. ಬೋರ್ಡಿನಿಂದ ಮಕ್ಕಳ ಕಡೆ ತಿರುಗುವಾಗ ಮೊದಲು ಕಣ್ಣನ್ನು ಹಿಂದಿನ ಗೋಡೆಯ ಒಂದು ಗುರುತಿನ ಮೇಲೆ ನೆಟ್ಟು, ಆಮೇಲೆ ತಲೆಯನ್ನು ತನ್ನಿ. ಕೆಲವು ವಾರಗಳಲ್ಲಿ ಮೇಜು ಹಿಡಿಯುವುದು ತಾನಾಗಿ ತಪ್ಪುತ್ತದೆ. ಸಂಜೆಯ ಹೊತ್ತಿಗೆ ಆಗುವ ದಣಿವು ನಿಮ್ಮ ಸೋಮಾರಿತನವಲ್ಲ, ಉಳಿದವರ ಮೆದುಳು ಗಮನಿಸದೆಯೇ ಮಾಡುವ ಕೆಲಸವನ್ನು ನಿಮ್ಮ ಮೆದುಳು ಇಡೀ ದಿನ ಗಮನವಿಟ್ಟು ಮಾಡುತ್ತಿದೆ. ಸಾಧ್ಯವಾದರೆ ಮುಖ್ಯೋಪಾಧ್ಯಾಯರಿಗೆ ಇದನ್ನು ಹೇಳಿ, ಬೆಳಗಿನ ಪೀರಿಯಡ್‌ಗಳನ್ನು ಹೆಚ್ಚು ಪಡೆದುಕೊಳ್ಳಿ.

ಗೃಹಪ್ರವೇಶದ ನಂತರ ನೀವು ಹಿಂದಕ್ಕೆ ಹೋದದ್ದು ಕಾಯಿಲೆ ಮರುಕಳಿಸಿದ್ದರಿಂದ ಅಲ್ಲ. ಮೆದುಳು ಕಲಿತ ಹೊಂದಾಣಿಕೆ ನಿದ್ದೆಗೆಟ್ಟಾಗ, ಜ್ವರ ಬಂದಾಗ, ದೂರ ಪ್ರಯಾಣ ಮಾಡಿದಾಗ, ಮನಸ್ಸಿಗೆ ದೊಡ್ಡ ಆಘಾತವಾದಾಗ ತಾತ್ಕಾಲಿಕವಾಗಿ ಸಡಿಲಗೊಳ್ಳುತ್ತದೆ. ವಿಶ್ರಾಂತಿ ಪಡೆದು ಅಭ್ಯಾಸವನ್ನು ಮತ್ತೆ ಹಿಡಿದರೆ, ಮೊದಲ ಸಲ ತಿಂಗಳುಗಳಲ್ಲಿ ಕಲಿತದ್ದು ಈ ಸಲ ಕೆಲವು ದಿನಗಳಲ್ಲಿ, ವಾರಗಳಲ್ಲಿ ಮರಳುತ್ತದೆ. ಇಂದಿನ ಸ್ಥಿತಿಯನ್ನು ನಿನ್ನೆಯದರೊಂದಿಗೆ ಹೋಲಿಸಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ, ಆ ವಾರ ಏನೇನು ಮಾಡಲು ಸಾಧ್ಯವಾಯಿತೆಂದು ನಾಲ್ಕು ಸಾಲು ಬರೆದಿಟ್ಟು, ತಿಂಗಳ ಹಿಂದಿನ ಪುಟದೊಂದಿಗೆ ಹೋಲಿಸಿ ನೋಡಿ.

ಮೂರು ತಿಂಗಳು ದಾಟಿಯೂ ಹೆಚ್ಚಿನ ದಿನಗಳಲ್ಲಿ ಓಲಾಟ ಉಳಿದು, ನಿಂತಾಗ, ನಡೆದಾಗ, ಜನಜಂಗುಳಿಯಲ್ಲಿ ಅದು ಏರುವುದಾದರೆ ವೈದ್ಯರು ಇನ್ನೊಂದು ಹೆಸರನ್ನೂ ಯೋಚಿಸುತ್ತಾರೆ. ಅದು ಪಿಪಿಪಿಡಿ, ಅಂದರೆ ಬಿಡದೆ ಉಳಿಯುವ ಒಂದು ಬಗೆಯ ಓಲಾಟದ ಕಾಯಿಲೆ. ಇದಕ್ಕೆ ಅಂತರರಾಷ್ಟ್ರೀಯ ಮಾನದಂಡಗಳು ಪ್ರಕಟವಾದದ್ದು 2017ರಲ್ಲಷ್ಟೇ. ಒಳಕಿವಿ ಸುಧಾರಿಸಿದ ಮೇಲೂ ಮೆದುಳು ಎಚ್ಚರದ ಸ್ಥಿತಿಯಿಂದ ಇಳಿಯದೆ ಪ್ರತಿ ಹೆಜ್ಜೆಯನ್ನೂ ಕಾವಲು ಕಾಯುತ್ತಿರುವುದು ಇದರ ಸ್ವರೂಪ. ಇದು ನಟನೆಯಲ್ಲ, ಹುಚ್ಚೂ ಅಲ್ಲ. ವ್ಯಾಯಾಮ, ಆಪ್ತಸಲಹೆ, ಕೆಲವೊಮ್ಮೆ ಖಿನ್ನತೆಗೆ ಕೊಡುವ ಗುಂಪಿನ ಮದ್ದು, ಇವುಗಳಿಂದ ಅನೇಕರು ಸುಧಾರಿಸುತ್ತಾರೆ. ಆ ಮದ್ದು ಬರೆದುಕೊಟ್ಟರೆ, ಡಾಕ್ಟರರು ನನ್ನನ್ನು ನಂಬಲಿಲ್ಲ ಎಂದುಕೊಳ್ಳಬೇಡಿ. ನಿಮ್ಮ ಮನೆಯವರಿಗೂ ಈ ಭಾಗವನ್ನು ಓದಿ ಹೇಳಿ.

ಮಳೆಗಾಲ ಮುಗಿಯುವವರೆಗೆ ಒಂದು ಎಚ್ಚರಿಕೆ ಅಗತ್ಯ. ರಾತ್ರಿ ಕರೆಂಟು ಹೋದಾಗ ನೀವು ನೆಚ್ಚಿಕೊಂಡ ಕಣ್ಣೂ ಕೈಕೊಡುತ್ತದೆ. ತಲೆದಿಂಬಿನ ಪಕ್ಕ ಟಾರ್ಚ್ ಇರಲಿ, ಮತ್ತು ಹಾವಸೆ ಕಟ್ಟಿದ ಕೆಂಪುಕಲ್ಲಿನ ಮೆಟ್ಟಿಲನ್ನು ಕೈಯಲ್ಲಿ ಬಿಂದಿಗೆ ಹಿಡಿದು ಇಳಿಯಬೇಡಿ.

ಪ್ರಶ್ನೆ: ನನಗೆ 68 ವರ್ಷ, ಸುರತ್ಕಲ್‌ನಲ್ಲಿ ವಾಸ. ಕಳೆದ ವರ್ಷ ವೆಸ್ಟಿಬ್ಯುಲರ್ ನ್ಯೂರೈಟಿಸ್ ಬಂದು ಪೂರ್ತಿ ಗುಣವಾಗಿತ್ತು. ಈಗ ಒಂದು ತಿಂಗಳಿನಿಂದ ಹಾಸಿಗೆಯಲ್ಲಿ ಎಡಕ್ಕೆ ಹೊರಳಿದರೆ, ಅಟ್ಟದಿಂದ ಏನಾದರೂ ತೆಗೆಯಲು ತಲೆ ಎತ್ತಿದರೆ ಜೋರಾಗಿ ತಿರುಗುತ್ತದೆ. ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಹಳೆಯ ಕಾಯಿಲೆಯೇ ಮರಳಿತೇ?

ಉತ್ತರ: ಹಿರಿಯರೇ, ಇದು ಬಹುಮಟ್ಟಿಗೆ ಬೇರೆ ಕಾಯಿಲೆ, ಮತ್ತು ಇದಕ್ಕೆ ಸುಲಭದ ಪರಿಹಾರವಿದೆ. ಒಳಕಿವಿಯ ಚೀಲದಲ್ಲಿ ಅಂಟಿಕೊಂಡಿರಬೇಕಾದ ಸುಣ್ಣದ ಸೂಕ್ಷ್ಮ ಹರಳುಗಳು ಕಳಚಿ ಅರ್ಧವೃತ್ತ ನಾಳದೊಳಗೆ ಸೇರಿಕೊಂಡರೆ, ಮಲಗಿ ಹೊರಳಿದಾಗ ಅವು ಉರುಳಿ ಕೆಲವು ಸೆಕೆಂಡುಗಳ ಕಾಲ ಸುಳ್ಳು ಸುದ್ದಿ ಕೊಡುತ್ತವೆ. ಇದಕ್ಕೆ ಬಿಪಿಪಿವಿ ಎನ್ನುತ್ತಾರೆ. ವೆಸ್ಟಿಬ್ಯುಲರ್ ನ್ಯೂರೈಟಿಸ್ ಬಂದು ಹೋದವರಲ್ಲಿ ಇದು ಕಾಣಿಸಿಕೊಳ್ಳುವುದುಂಟು. ಡಾಕ್ಟರರು ನಿಮ್ಮನ್ನು ಒಂದು ಬದಿಗೆ ತಲೆ ತಿರುಗಿಸಿ ಥಟ್ಟನೆ ಮಲಗಿಸಿ, ಕಣ್ಣುಗುಡ್ಡೆಯ ಅದುರುವಿಕೆಯನ್ನು ನೋಡಿ, ಯಾವ ಕಿವಿ, ಯಾವ ನಾಳ ಎಂದು ಗುರುತಿಸುತ್ತಾರೆ. ಆಮೇಲೆ ತಲೆಯನ್ನು ಹಂತಹಂತವಾಗಿ ಹೊರಳಿಸಿ ಹರಳುಗಳನ್ನು ಸ್ವಸ್ಥಾನಕ್ಕೆ ತರುತ್ತಾರೆ. ಅಮೆರಿಕದ ವೈದ್ಯ ಜಾನ್ ಎಪ್ಲಿ ರೂಪಿಸಿದ ಈ ಕ್ರಮಕ್ಕೆ ಕೆಲವೇ ನಿಮಿಷ ಸಾಕು, ಅನೇಕರಿಗೆ ಒಂದೆರಡು ಸಲದಲ್ಲೇ ಗುಣವಾಗುತ್ತದೆ. ಮಾತ್ರೆಯಿಂದ ಹರಳು ಕದಲುವುದಿಲ್ಲ. ವೀಡಿಯೊ ನೋಡಿ ನೀವೇ ಪ್ರಯತ್ನಿಸಬೇಡಿ. ಕಿವಿ ತಪ್ಪಾದರೆ ಪ್ರಯೋಜನವಿಲ್ಲ, ಜೊತೆಗೆ ಕುತ್ತಿಗೆಯ ಮೂಳೆ ಸವೆದಿದ್ದರೆ ತೊಂದರೆಯೂ ಆಗಬಹುದು. ಪರೀಕ್ಷೆ ಆಗುವವರೆಗೆ ಅಟ್ಟದ ಏಣಿ ಹತ್ತುವುದನ್ನು ಮನೆಯ ಬೇರೆಯವರಿಗೆ ಬಿಡಿ.

ಪ್ರಶ್ನೆ: ನಮ್ಮ ಮನೆಯವರು ಮಲ್ಪೆಯಲ್ಲಿ ಆಳಸಮುದ್ರದ ಬೋಟಿಗೆ ಹೋಗುವವರು. ಮೇ ತಿಂಗಳಲ್ಲಿ ತಲೆ ತಿರುಗಿ, ವಾಂತಿಯಾಗಿ, ಬಲಗಿವಿಯೂ ಮಂದವಾಯಿತು. ಲ್ಯಾಬಿರಿಂಥೈಟಿಸ್, ಅಂದರೆ ಒಳಕಿವಿಯ ಉರಿಯೂತ ಎಂದು ಮದ್ದು ಕೊಟ್ಟರು. ಜೂನ್, ಜುಲೈ ಟ್ರಾಲಿಂಗ್ ನಿಷೇಧವಾದ್ದರಿಂದ ಮನೆಯಲ್ಲೇ ಇದ್ದಾರೆ. ನಡೆಯಲು ತೊಂದರೆಯಿಲ್ಲ, ಕತ್ತಲಲ್ಲಿ ಮಾತ್ರ ಗೋಡೆ ಹಿಡಿಯುತ್ತಾರೆ. ಆಗಸ್ಟಿನಲ್ಲಿ ಬೋಟು ಇಳಿದಾಗ ಹೋಗುತ್ತೇನೆಂದು ಹಟ ಹಿಡಿದಿದ್ದಾರೆ. ಕಳುಹಿಸಬಹುದೇ?

ಉತ್ತರ: ತಂಗೀ, ನೀವು ಪತ್ರದಲ್ಲಿ ಬರೆದ ಒಂದು ಮಾತು, ಅಂದರೆ ಕತ್ತಲಲ್ಲಿ ಗೋಡೆ ಹಿಡಿಯುವುದು, ನನ್ನ ಉತ್ತರವನ್ನು ನಿರ್ಧರಿಸುತ್ತದೆ. ಆಗಸ್ಟಿನ ಮೊದಲ ಟ್ರಿಪ್‌ಗೆ ಅವರು ಹೋಗುವುದು ಬೇಡ.

ನಮ್ಮ ಸಮತೋಲನ ಕಿವಿ, ಕಣ್ಣು ಮತ್ತು ಪಾದದ ಸ್ಪರ್ಶ ಎಂಬ ಮೂರರ ಮೇಲೆ ನಿಂತಿದೆ. ರಾತ್ರಿ ಅಲೆಯ ಮೇಲೆ ಏಳುತ್ತಾ ಬೀಳುತ್ತಾ ಇರುವ ಒದ್ದೆ ಡೆಕ್ಕಿನ ಮೇಲೆ ಕಣ್ಣಿಗೂ ಪಾದಕ್ಕೂ ಹಿಡಿತ ತಪ್ಪುತ್ತದೆ, ಆಗ ಉಳಿಯುವುದು ಕಿವಿಯೊಂದೇ. ಅವರಲ್ಲಿ ಪೆಟ್ಟು ತಿಂದಿರುವುದು ಅದೇ. ನೀರಿಗೆ ಬಿದ್ದರೆ ಅಪಾಯ ಇನ್ನೂ ದೊಡ್ಡದು. ಕಲಕಿದ ಕತ್ತಲ ನೀರಿನಲ್ಲಿ ಮುಳುಗಿದಾಗ, ಮೇಲೆ ಯಾವುದು ಕೆಳಗೆ ಯಾವುದು ಎಂದು ತಿಳಿಸಲು ಒಳಕಿವಿಯ ಹೊರತು ಬೇರೆ ಸಾಕ್ಷಿಯಿಲ್ಲ. ಚೆನ್ನಾಗಿ ಈಜು ಬಲ್ಲವರೂ ಆಗ ದಿಕ್ಕು ತಪ್ಪಬಹುದು. ಆದ್ದರಿಂದ ಸದ್ಯಕ್ಕೆ ಕಡಲಿನಲ್ಲಾಗಲಿ ಕೆರೆಯಲ್ಲಾಗಲಿ ಮುಳುಗು ಹಾಕುವುದೂ ಬೇಡ.

ಸುಮ್ಮನೆ ಕುಳಿತು ಕಾಲ ಕಳೆಯಬೇಕೆಂದು ಇದರ ಅರ್ಥವಲ್ಲ. ಬೆಳಿಗ್ಗೆ ಮಳೆ ಬಿಟ್ಟಾಗ, ಅಲೆಯಿಂದ ದೂರದಲ್ಲಿ, ನೀವು ಪಕ್ಕದಲ್ಲಿದ್ದು ಅವರನ್ನು ಮರಳಿನಲ್ಲಿ ನಡೆಸಿ. ಮರಳು ಪಾದಕ್ಕೆ ಸರಿಯಾದ ಸುದ್ದಿ ಕೊಡದಿರುವುದರಿಂದ ಕಿವಿಯನ್ನು ಬಳಸುವುದು ಮೆದುಳಿಗೆ ಅನಿವಾರ್ಯವಾಗುತ್ತದೆ. ಮನೆಯಲ್ಲಿ ಕೋಣೆಯ ಮೂಲೆಗೆ ಬೆನ್ನು ಮಾಡಿ, ಎದುರಿಗೆ ಕುರ್ಚಿಯ ಬೆನ್ನು ಇಟ್ಟುಕೊಂಡು, ಪಾದ ಜೋಡಿಸಿ ನಿಲ್ಲಲಿ. ಮೊದಲು ಕಣ್ಣು ತೆರೆದು, ಆಮೇಲೆ ಮುಚ್ಚಿ, ಕೊನೆಗೆ ದಪ್ಪ ದಿಂಬಿನ ಮೇಲೆ. ದಿಂಬಿನ ಮೇಲೆ ಕಣ್ಣು ಮುಚ್ಚಿ ಅರ್ಧ ನಿಮಿಷ ಗೋಡೆ ಮುಟ್ಟದೆ ನಿಲ್ಲುವಂತಾದ ಮೇಲೆ ಡಾಕ್ಟರರಲ್ಲಿ ಪರೀಕ್ಷೆ ಮಾಡಿಸಿಕೊಂಡು, ಬೆಳಿಗ್ಗೆ ಹೋಗಿ ಸಂಜೆ ಮರಳುವ ಸಣ್ಣ ಬೋಟಿನಲ್ಲಿ ಶುರುಮಾಡಬಹುದು. ವಾರಗಟ್ಟಲೆ ದಡ ಕಾಣದ ಟ್ರಿಪ್ ಅದರ ನಂತರದ ಮಾತು. ಬಂದರಿನಲ್ಲಿ ಬಲೆ ಹೆಣೆಯುವ, ಮೀನು ಇಳಿಸುವ ಕೆಲಸವನ್ನು ಹಗಲಿನಲ್ಲಿ, ದಕ್ಕೆಯ ಅಂಚಿನಿಂದ ದೂರವಿದ್ದು ಈಗಲೇ ಮಾಡಬಹುದು. ಆದಾಯದ ಚಿಂತೆ ನಿಮಗಿದೆ ಎಂಬುದು ನನಗೆ ಗೊತ್ತು, ಆದ್ದರಿಂದಲೇ ಇದನ್ನು ಹೇಳುತ್ತಿದ್ದೇನೆ.

ಕಿವಿ ಮಂದವಾಗಿರುವುದನ್ನು ಕಡೆಗಣಿಸಬೇಡಿ. ಕಿವಿ ಎಷ್ಟು ಕೇಳುತ್ತದೆಂದು ಅಳೆಯುವ ಆಡಿಯೋಮೆಟ್ರಿ ಪರೀಕ್ಷೆ ಮಾಡಿಸಿಲ್ಲದಿದ್ದರೆ ಈ ವಾರವೇ ಮಾಡಿಸಿ. ಯಾರಿಗೇ ಆಗಲಿ ಒಂದು ಕಿವಿ ಹಠಾತ್ತಾಗಿ ಕೇಳದಾದರೆ ಅದೇ ದಿನ ಇಎನ್‌ಟಿ ಡಾಕ್ಟರರನ್ನು ಕಾಣಬೇಕು, ಸ್ಟೀರಾಯ್ಡ್ ಚಿಕಿತ್ಸೆಯ ಪ್ರಯೋಜನ ಇರುವುದು ಮೊದಲ ದಿನಗಳಲ್ಲಿ. ತಲೆಸುತ್ತಿನ ಜೊತೆಗೆ ಮಾತು ತೊದಲಿದರೆ, ವಸ್ತುಗಳು ಎರಡೆರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ಕೈಕಾಲಿನ ಬಲ ಕುಂದಿದರೆ, ನುಂಗಲು ಕಷ್ಟವಾದರೆ, ಹಿಂದೆಂದೂ ಇಲ್ಲದಂಥ ತಲೆನೋವು ಬಂದರೆ ಅಥವಾ ಆಸರೆಯಿಲ್ಲದೆ ನಿಲ್ಲಲಾಗದಿದ್ದರೆ ಅದು ಮೆದುಳಿನ ಪಾರ್ಶ್ವವಾಯು ಇರಬಹುದು. ಆಗ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.

ಬೋಟು ಹತ್ತುವ ದಿನ ಬಂದಾಗ ಅವರು ಬೋಟು ನಡೆಸುವ ತಾಂಡೇಲರಿಗೆ ತಮ್ಮ ತೊಂದರೆಯನ್ನು ಮುಚ್ಚಿಡದೆ ಹೇಳಬೇಕು, ಡೆಕ್ಕಿನ ಮೇಲೆ ಇರುವಷ್ಟು ಹೊತ್ತೂ ಲೈಫ್ ಜಾಕೆಟ್ ತೊಟ್ಟಿರಬೇಕು, ಮತ್ತು ರಾತ್ರಿ ಬಲೆ ಎಳೆಯುವಾಗ ಅಂಚಿನಲ್ಲಿ ನಿಲ್ಲುವ ಕೆಲಸವನ್ನು ಮೊದಲ ಕೆಲವು ಟ್ರಿಪ್‌ಗಳಲ್ಲಿ ಬೇರೆಯವರಿಗೆ ಬಿಡಬೇಕು.